ಎರವಲು ಕೊಡುವವನ ಹೊಣೆ

ಗೃಹಸ್ಥನ ಬಾಳು ಒಂಟಿಯಾಗಿ ಸಾಗತಕ್ಕದ್ದಲ್ಲ. ಗೋಡೆಗೆ ಸುಣ್ಣ ಬಳಿಯುವುದು, ಹಿತ್ತಿಲಿನಲ್ಲಿ ಸಸಿ ನೆಡಲು ಗುಳಿ ತೋಡುವುದು, ನೀರಿನ ತೊಟ್ಟಿಯನ್ನು ತೊಳೆಯುವುದು, ಬೇಸಿಗೆಯಲ್ಲಿ ಹಪ್ಪಳ ಸಂಡಿಗೆಗಳನ್ನು ಮಾಡಿ ಒಣಗಿಸುವುದು, ಸಡಿಲವಾದ ಬಾಗಿಲನ್ನು ಸರಿಪಡಿಸುವುದು - ಇವೆಲ್ಲ ಸಣ್ಣ ಕೆಲಸಗಳೇ ಆದರೂ ಒಂದು ಮನೆಯ ಕೈಯಿಂದ ಅಥವಾ ಒಂದು ಮನೆಯ ಸಾಮಗ್ರಿಯಿಂದ ಪೂರೈಸುವುದು ಅಪರೂಪ. ಒಬ್ಬರ ಮನೆಯ ಏಣಿ, ಇನ್ನೊಬ್ಬರ ಮನೆಯ ಗುದ್ದಲಿ, ಮತ್ತೊಬ್ಬರ ಮನೆಯ ದೊಡ್ಡ ಪಾತ್ರೆ, ಇತ್ತೀಚಿನ ದಿನಗಳಲ್ಲಿ ಗೋಡೆ ಕೊರೆಯುವ ಡ್ರಿಲ್ಲಿಂಗ್ ಯಂತ್ರ - ಇವು ಬೀದಿಯ ಉದ್ದಕ್ಕೂ ಸಂಚರಿಸುತ್ತಲೇ ಇರುತ್ತವೆ. ಮಿತ್ರರು ಕೇಳುತ್ತಾರೆ, ಮಿತ್ರರು ಕೊಡುತ್ತಾರೆ. ಇಷ್ಟು ಸಹಜವಾದ ವ್ಯವಹಾರದಲ್ಲಿ ವಿಚಾರ ಮಾಡತಕ್ಕದ್ದೇನಿದೆ ಎಂದು ತೋರಬಹುದು. ಆದರೆ ಶ್ರಾವಕಾಚಾರವನ್ನು ಓದಿದವರಿಗೆ ಇಲ್ಲಿ ಒಂದು ಗಂಭೀರವಾದ ಪ್ರಶ್ನೆ ಎದುರಾಗದೆ ಇರದು. ಎರವಲು ಕೊಟ್ಟ ವಸ್ತುವಿನಿಂದ ಆಗುವ ಒಳಿತು ಕೆಡಕುಗಳಲ್ಲಿ ಕೊಟ್ಟವನ ಪಾಲು ಎಷ್ಟು?

ಪ್ರಶ್ನೆ ಜಟಿಲವಾಗುವುದಕ್ಕೆ ಕಾರಣವೆಂದರೆ, ಗೃಹಸ್ಥನ ಎರಡು ವ್ರತಗಳು ಇಲ್ಲಿ ಎರಡು ದಿಕ್ಕಿಗೆ ಎಳೆಯುವಂತೆ ಕಾಣುತ್ತವೆ.

ಮೊದಲನೆಯದು ಐದು ಅಣುವ್ರತಗಳಲ್ಲಿ ಕೊನೆಯದಾದ ಪರಿಗ್ರಹಪರಿಮಾಣ. ಮನೆಯಲ್ಲಿ ಎಷ್ಟು ವಸ್ತುವಿರಬೇಕು ಎಂಬುದಕ್ಕೆ ತಾನೇ ಮಿತಿ ಹಾಕಿಕೊಳ್ಳುವುದು ಇದರ ತಾತ್ಪರ್ಯ. ವರ್ಷಕ್ಕೆ ಎರಡು ಬಾರಿ ಬೇಕಾಗುವ ಏಣಿಯನ್ನು ಐದು ಮನೆಯವರು ಐದಾಗಿ ಕೊಳ್ಳುವುದಕ್ಕಿಂತ ಒಂದನ್ನೇ ಐವರೂ ಬಳಸುವುದು ಈ ವ್ರತಕ್ಕೆ ಒಪ್ಪುವ ನಡೆ. ಹಿಂದೆ ಕೃಷಿಕರಲ್ಲಿ ಮುಯ್ಯಿ ಆಳು ಎಂಬ ಪದ್ಧತಿಯಿತ್ತು. ಇಂದು ಇವನ ಗದ್ದೆಯಲ್ಲಿ ಅವನು ದುಡಿದರೆ, ನಾಳೆ ಅವನ ಗದ್ದೆಯಲ್ಲಿ ಇವನು ದುಡಿಯುತ್ತಿದ್ದನು. ಕೂಲಿಯ ಹಣ ಕೈ ಬದಲಾಯಿಸದೆ ಕೆಲಸ ಮುಗಿಯುತ್ತಿತ್ತು. ಹೆಣ್ಣುಮಕ್ಕಳು ತಮ್ಮ ತಮ್ಮ ಮಣೆ ಲಟ್ಟಣಿಗೆಗಳೊಡನೆ ಒಂದು ಮನೆಯಲ್ಲಿ ಸೇರಿ ಹಪ್ಪಳ ಒತ್ತಿ, ಮರುದಿನ ಇನ್ನೊಂದು ಮನೆಗೆ ಹೋಗುವುದೂ ಇದೇ ರೀತಿಯದು. ಕೊಟ್ಟು ತೆಗೆದುಕೊಳ್ಳುವ ಈ ನಡೆ ನಿಂತುಹೋದರೆ ಪ್ರತಿಯೊಂದು ಮನೆಯೂ ಒಂದು ಉಗ್ರಾಣವಾಗಬೇಕಾಗುತ್ತದೆ. ಜೀವಗಳು ಪರಸ್ಪರ ಉಪಕಾರ ಮಾಡುವಂಥವು ಎಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಹೇಳಿದ್ದನ್ನು ಬೀದಿಯ ಮಟ್ಟದಲ್ಲಿ ಕಾಣುವುದು ಇಂತಹ ಕೊಡುಕೊಳೆಯಲ್ಲಿಯೇ.

ಎರಡನೆಯದು ಅನರ್ಥದಂಡವಿರತಿ, ಅಂದರೆ ಪ್ರಯೋಜನವಿಲ್ಲದ ಪಾಪದಿಂದ ಹಿಂದೆ ಸರಿಯುವುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ವಿಧವಾಗಿ ವಿಂಗಡಿಸಿದ್ದಾರೆ. ಅವುಗಳಲ್ಲಿ ಒಂದು ಹಿಂಸಾದಾನ. ಕೊಡಲಿ, ಕತ್ತಿ, ನೆಲ ಅಗೆಯುವ ಸಾಧನ, ಬೆಂಕಿ ಮೊದಲಾದ, ಜೀವಹಾನಿಗೆ ಕಾರಣವಾಗಬಲ್ಲ ವಸ್ತುಗಳನ್ನು ಪರರಿಗೆ ಕೊಡುವುದೇ ಹಿಂಸಾದಾನ. ಗಮನಿಸಬೇಕಾದ ಅಂಶವೆಂದರೆ, ಇಲ್ಲಿ ಯುದ್ಧದ ಆಯುಧಗಳ ಜೊತೆಗೆ ಮನೆಬಳಕೆಯ ಸಾಧನಗಳೂ ಸೇರಿವೆ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿ ನೇಗಿಲು, ಒನಕೆ, ಒರಳುಗಳೂ ಈ ಪಟ್ಟಿಗೆ ಬಂದಿವೆ. ಶ್ವೇತಾಂಬರ ಪರಂಪರೆಯಲ್ಲಿ ಈ ವ್ರತದ ಅತಿಚಾರಗಳನ್ನು ಎಣಿಸುವಾಗ ಸಂಯುಕ್ತಾಧಿಕರಣವೆಂಬ ಒಂದು ದೋಷವನ್ನು ಹೇಳಲಾಗಿದೆ. ಒರಳಿನೊಡನೆ ಒನಕೆಯನ್ನು, ಬಿಲ್ಲಿನೊಡನೆ ಬಾಣವನ್ನು ಜೋಡಿಸಿ ಸಿದ್ಧವಾಗಿ ಇಟ್ಟಿರುವುದೇ ಆ ದೋಷ. ಬಿಡಿಬಿಡಿಯಾಗಿ ಇಟ್ಟಿದ್ದರೆ ಅವಿಚಾರದ ಬಳಕೆಗೆ ಅಷ್ಟಾದರೂ ತಡೆಯಾಗುತ್ತದೆ.

ಹೀಗೆ ಒಂದು ವ್ರತವು ಹಂಚಿಕೊಂಡು ಬಾಳು ಎನ್ನುತ್ತದೆ. ಇನ್ನೊಂದು ಕೊಡುವ ಮೊದಲು ಕೈ ಹಿಡಿದು ನಿಲ್ಲಿಸುತ್ತದೆ. ಮೊದಲನೆಯದನ್ನು ಮಾತ್ರ ಪಾಲಿಸಿದರೆ ಕೊಟ್ಟ ಗುದ್ದಲಿ ಎಲ್ಲಿ ಏನನ್ನು ಅಗೆಯಿತೆಂಬ ಪರಿವೆ ಇರುವುದಿಲ್ಲ. ಎರಡನೆಯದನ್ನು ಮಾತ್ರ ಹಿಡಿದರೆ ಗೃಹಸ್ಥನು ನೆರೆಯವರ ಪಾಲಿಗೆ ಬಾಗಿಲು ಮುಚ್ಚಿದ ಮನೆಯಾಗುತ್ತಾನೆ. ಅವನ ಲೋಭಕ್ಕೆ ವ್ರತದ ಹೆಸರು ಸಿಕ್ಕಂತಾಗುತ್ತದೆ.

ಈ ತೊಡಕಿಗೆ ಪರಿಹಾರದ ಎಳೆಯೊಂದನ್ನು ಆಚಾರ್ಯರೇ ಕೊಟ್ಟಿದ್ದಾರೆ. ಹೇಮಚಂದ್ರರು ಹಿಂಸಾಸಾಧನಗಳನ್ನು ದಾಕ್ಷಿಣ್ಯಕ್ಕೆ ವಿಷಯರಲ್ಲದವರಿಗೆ ಕೊಡಬಾರದೆಂದಿದ್ದಾರೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಅಡಿಗೆಗಾಗಿ ಕೇಳುವ ಬೆಂಕಿಯ ವಿಷಯದಲ್ಲಿಯೂ ಇದೇ ಮಾತನ್ನು ಬಳಸಿದ್ದಾರೆ. ಅಂದರೆ ದಾಕ್ಷಿಣ್ಯಕ್ಕೆ ವಿಷಯರಾದ ಬಂಧುಮಿತ್ರರಿಗೆ ಕೊಡಲು ಅವಕಾಶವುಂಟು. ಅದಿಲ್ಲದಿದ್ದರೆ ಗೃಹಸ್ಥನ ಬಾಳೇ ಸಾಗದೆಂಬುದು ಅವರಿಗೆ ತಿಳಿದಿತ್ತು.

ಆದರೆ ದಾಕ್ಷಿಣ್ಯವೆಂದರೇನು? ಇಂದಿನ ಕನ್ನಡದಲ್ಲಿ ಈ ಪದಕ್ಕೆ ಒಂದು ದುರ್ಬಲತೆಯ ಛಾಯೆ ಬಂದಿದೆ. ಇಲ್ಲ ಎನ್ನಲು ಬಾಯಿ ಬಾರದೆ ಒಪ್ಪಿಕೊಂಡವನನ್ನು ದಾಕ್ಷಿಣ್ಯಕ್ಕೆ ಕಟ್ಟುಬಿದ್ದವನೆಂದು ಕರೆಯುತ್ತೇವೆ. ಸಂಸ್ಕೃತದ ದಕ್ಷಿಣ ಶಬ್ದಕ್ಕಾದರೋ ಸಮರ್ಥ, ಸರಳ, ಸೌಜನ್ಯವುಳ್ಳವನು ಎಂಬ ಅರ್ಥಗಳಿವೆ. ಮೊದಲನೆಯ ಅರ್ಥವನ್ನು ಹಿಡಿದರೆ, ಮಿತ್ರನಿಗೆ ವಿಚಾರವಿಲ್ಲದೆ ಕೊಡಬಹುದು, ಏಕೆಂದರೆ ಅವನು ಮಿತ್ರ ಎಂದಾಗುತ್ತದೆ. ಆಗ ಆಚಾರ್ಯರ ವಿನಾಯಿತಿಯು ಸಂಕೋಚಕ್ಕೆ ಕೊಟ್ಟ ರಿಯಾಯಿತಿಯಾಗುತ್ತದೆ. ಎರಡನೆಯ ಅರ್ಥವನ್ನು ಹಿಡಿದರೆ, ಮಿತ್ರನಿಗೆ ಕೊಡಬಹುದು, ಏಕೆಂದರೆ ಅವನು ಏನು ಮಾಡಹೊರಟಿದ್ದಾನೆಂದು ಕೇಳಬಹುದು, ತಿಳಿದದ್ದನ್ನು ಹೇಳಬಹುದು, ಬೇಕಾದರೆ ಜೊತೆಗೆ ಹೋಗಿ ಕೈ ಹಾಕಬಹುದು ಎಂದಾಗುತ್ತದೆ. ಅಪರಿಚಿತನ ವಿಷಯದಲ್ಲಿ ಈ ಮೂರೂ ಸುಲಭವಲ್ಲ. ಮೈತ್ರಿಯು ಹೊಣೆಯನ್ನು ಇಳಿಸುವುದಿಲ್ಲ. ಹೊಣೆಯನ್ನು ಹೊರುವ ಶಕ್ತಿಯನ್ನು ಕೊಡುತ್ತದೆ. ವ್ರತದ ಉದ್ದೇಶಕ್ಕೆ ಹೊಂದುವುದು ಈ ಎರಡನೆಯ ಅರ್ಥವೇ.

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳಬಹುದು. ಒಂದು ಪೇಟೆಯ ಒಂದೇ ಬೀದಿಯಲ್ಲಿ ಇಬ್ಬರು ಮಿತ್ರರಿದ್ದಾರೆಂದು ಭಾವಿಸೋಣ. ಮೊದಲನೆಯವನ ಮನೆಯಲ್ಲಿ ಹಳೆಯ ಬಿದಿರಿನ ಏಣಿ. ಅದರ ನಾಲ್ಕನೆಯ ಮೆಟ್ಟಿಲು ಸಡಿಲ. ಮನೆಯವರೆಲ್ಲರಿಗೂ ಅದು ಗೊತ್ತು. ಮಕ್ಕಳೂ ಮೂರನೆಯದರಿಂದ ಐದನೆಯದಕ್ಕೆ ಕಾಲಿಡುತ್ತಾರೆ. ಅಭ್ಯಾಸಬಲದಿಂದ ಅದು ದೋಷವೆಂಬ ಭಾವನೆಯೇ ಅಳಿದುಹೋಗಿದೆ. ಎರಡನೆಯವನು ಅಟ್ಟದ ಕಿಟಕಿಗೆ ಬಣ್ಣ ಹಚ್ಚಲು ಏಣಿಯನ್ನು ಕೇಳುತ್ತಾನೆ. ಮೊದಲನೆಯವನು ಸಂತೋಷದಿಂದ ಕೊಡುತ್ತಾನೆ. ಮೆಟ್ಟಿಲಿನ ಮಾತನ್ನು ಮಾತ್ರ ಹೇಳುವುದಿಲ್ಲ. ಮರೆಮಾಚಬೇಕೆಂದಲ್ಲ, ನೆನಪೇ ಆಗಲಿಲ್ಲ. ಮಿತ್ರನು ಬಿದ್ದು ಮುಂಗೈ ಮುರಿದುಕೊಳ್ಳುತ್ತಾನೆ.

ಇಲ್ಲಿ ಹೊಣೆ ಯಾರದು? 1872ರ ಭಾರತೀಯ ಕರಾರು ಅಧಿನಿಯಮದ 150ನೆಯ ಪ್ರಕರಣವು ಇದಕ್ಕೆ ಉತ್ತರ ಕೊಡುತ್ತದೆ. ವಸ್ತುವನ್ನು ಬಳಕೆಗೆ ಒಪ್ಪಿಸುವವನು ತನಗೆ ತಿಳಿದಿರುವ, ಅಪಾಯಕ್ಕೆ ಎಡೆಮಾಡುವ ದೋಷವನ್ನು ಪಡೆಯುವವನಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆದ ಹಾನಿಗೆ ಅವನೇ ಹೊಣೆ. ತುಂಟ ಕುದುರೆಯೆಂದು ತಿಳಿದೂ ಹೇಳದೆ ಎರವಲು ಕೊಟ್ಟವನ ಉದಾಹರಣೆಯನ್ನು ಅಲ್ಲಿಯೇ ಕೊಡಲಾಗಿದೆ. ಅದೇ ಪ್ರಕರಣದಲ್ಲಿ ಇನ್ನೊಂದು ಭೇದವೂ ಇದೆ. ಬಾಡಿಗೆ ಪಡೆದು ಕೊಟ್ಟವನು ದೋಷವು ತನಗೆ ತಿಳಿದಿರಲಿ, ತಿಳಿಯದಿರಲಿ ಹೊಣೆಗಾರನು. ಉಚಿತವಾಗಿ ಕೊಟ್ಟವನು ತನಗೆ ತಿಳಿದಿದ್ದ ದೋಷಕ್ಕೆ ಮಾತ್ರ.

ನ್ಯಾಯಾಲಯದ ದೃಷ್ಟಿಯಿಂದ ಈ ಭೇದವು ಯುಕ್ತವಾದದ್ದೇ. ಲಾಭ ಪಡೆದವನು ಹೆಚ್ಚು ಎಚ್ಚರ ವಹಿಸಲಿ ಎಂಬುದು ಅದರ ಆಶಯ. ಆದರೆ ಧರ್ಮವಿಚಾರದಲ್ಲಿ ಇಲ್ಲಿಗೇ ನಿಲ್ಲಬಹುದೆ? ಬಾಡಿಗೆಯ ಅಂಗಡಿಯವನು ಕಾಣದ ಗಿರಾಕಿಗಾಗಿ ಏಣಿಯನ್ನು ಪರೀಕ್ಷಿಸಿ ಕೊಡಬೇಕಾದರೆ, ಮಿತ್ರನು ಮಿತ್ರನಿಗಾಗಿ ಅಷ್ಟೂ ಮಾಡಬೇಕಾಗಿಲ್ಲವೆ? ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಅದರ ಮೂಲದಲ್ಲಿಯೇ ಇರಿಸಿದ್ದಾರೆ. ಏಣಿ ಕೊಟ್ಟವನಲ್ಲಿ ದ್ವೇಷವಿರಲಿಲ್ಲ, ಕಪಟವಿರಲಿಲ್ಲ. ಇದ್ದದ್ದು ಪ್ರಮಾದವೊಂದೇ. ಕೊಡುವಾಗ ಅವನ ಲಕ್ಷ್ಯವೆಲ್ಲ ತನ್ನ ಔದಾರ್ಯದ ಮೇಲಿತ್ತು. ಹತ್ತುವವನ ಕಾಲಿನ ಮೇಲಿರಲಿಲ್ಲ. ಔದಾರ್ಯವೂ ಪ್ರಮಾದಕ್ಕೆ ಮುಸುಕಾಗಬಲ್ಲದು ಎಂಬುದೇ ಈ ದೃಷ್ಟಾಂತದ ಸಾರ.

ಇನ್ನೊಂದು ದೃಷ್ಟಾಂತ. ಒಬ್ಬ ಗೃಹಸ್ಥನ ಹಿತ್ತಿಲ ಗೋಡೆಯ ಪೊಟರೆಯಲ್ಲಿ ತುಡುವೆ ಜೇನು ಗೂಡು ಕಟ್ಟಿದೆ. ಮನೆಯಲ್ಲಿ ಚಿಕ್ಕ ಮಗುವಿದೆ. ಅವನ ಹೆದರಿಕೆ ಸಹಜವಾದದ್ದು. ತೋಟವಿರುವ ಮಿತ್ರನ ಬಳಿಗೆ ಹೋಗಿ ಔಷಧಿ ಸಿಂಪಡಿಸುವ ಯಂತ್ರವನ್ನು ಕೇಳುತ್ತಾನೆ. ಏಣಿಯಂತಲ್ಲದೆ ಈ ಯಂತ್ರದಲ್ಲಿ ಯಾವ ದೋಷವೂ ಇಲ್ಲ. ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕಾನೂನಿಗೆ ಇಲ್ಲಿ ಆಡತಕ್ಕ ಮಾತಿಲ್ಲ. ಯಂತ್ರದ ಮಾಲೀಕನು ದಾಕ್ಷಿಣ್ಯದ ಇಂದಿನ ಅರ್ಥಕ್ಕೆ ಕಟ್ಟುಬಿದ್ದವನಾದರೆ ಸುಮ್ಮನೆ ಕೊಟ್ಟುಬಿಡುತ್ತಾನೆ. ವ್ರತದ ಅಕ್ಷರವನ್ನು ಮಾತ್ರ ಬಲ್ಲವನಾದರೆ ಇಲ್ಲವೆಂದು ಕಳುಹಿಸುತ್ತಾನೆ. ಮಿತ್ರನು ಪೇಟೆಯಿಂದ ವಿಷವನ್ನು ಕೊಂಡು ತರುತ್ತಾನೆ, ಜೇನು ಸಾಯುತ್ತದೆ, ಸ್ನೇಹಕ್ಕೂ ಬಿರುಕು ಬೀಳುತ್ತದೆ. ಮೂರನೆಯ ದಾರಿಯೊಂದಿದೆ. ಯಂತ್ರವನ್ನು ಏತಕ್ಕೆಂದು ಕೇಳಿ, ವಿಷಯ ತಿಳಿದು, ಅವನು ಮಿತ್ರನೊಡನೆ ಹೊರಡುತ್ತಾನೆ. ತುಡುವೆ ಜೇನು ಪೆಟ್ಟಿಗೆಯಲ್ಲಿ ಸಾಕಲು ಒಗ್ಗುವ ಜಾತಿ. ಕೊಡಗು, ದಕ್ಷಿಣ ಕನ್ನಡಗಳಲ್ಲಿ ಅದನ್ನು ಹಾಗೆ ಸಾಕುತ್ತ ಬಂದಿದ್ದಾರೆ. ಬಲ್ಲವರೊಬ್ಬರನ್ನು ಕರೆತಂದರೆ ಅವರು ಎರಿಗಳನ್ನು ಎಚ್ಚರಿಕೆಯಿಂದ ಬಿಡಿಸಿ, ಹುಳುಗಳನ್ನು ರಾಣಿಯೊಡನೆ ಪೆಟ್ಟಿಗೆಗೆ ಸೇರಿಸಿ ಒಯ್ಯಬಲ್ಲರು. ಪೊಟರೆಯನ್ನು ಗಾರೆಯಿಂದ ಮುಚ್ಚಿದರೆ ಮಗುವಿನ ಭಯವೂ ತೀರಿತು. ಕೇಳಿದ ವಸ್ತುವನ್ನು ಕೊಡಲಿಲ್ಲ. ಬೇಕಾಗಿದ್ದ ಸಹಾಯವನ್ನು ಕೊಟ್ಟದ್ದಾಯಿತು.

ಇಷ್ಟು ಸಣ್ಣ ಕಾರ್ಯದಲ್ಲಿ ಕೊಡುವವನಿಗೆ ನಿಜವಾಗಿ ಪಾಲುಂಟೆ ಎಂದು ಕೇಳುವವರಿಗೆ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದ ಗಣಿತವನ್ನು ನೆನಪಿಸಬೇಕು. ಆಸ್ರವಕ್ಕೆ ಆಧಾರವಾದ ಜೀವಾಧಿಕರಣವು ನೂರೆಂಟು ಬಗೆಯದು. ಸಂರಂಭ, ಸಮಾರಂಭ, ಆರಂಭ ಎಂಬ ಮೂರು. ಮನ, ವಚನ, ಕಾಯ ಎಂಬ ಮೂರು. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರು. ಕ್ರೋಧಾದಿ ಕಷಾಯಗಳು ನಾಲ್ಕು. ಇವನ್ನು ಗುಣಿಸಿದರೆ 108. ಇವುಗಳಲ್ಲಿ ಸಂರಂಭವೆಂದರೆ ಕಾರ್ಯದ ಸಂಕಲ್ಪ, ಆರಂಭವೆಂದರೆ ಕಾರ್ಯಕ್ಕೆ ತೊಡಗುವುದು. ಇವೆರಡರ ನಡುವೆ ಇರುವ ಸಮಾರಂಭವೆಂದರೆ ಸಾಧನಗಳನ್ನು ಕೂಡಿಸಿಕೊಳ್ಳುವುದು. ಎರವಲು ಕೊಡುವವನು ಈ ನಡುವಣ ಮೆಟ್ಟಿಲಿನಲ್ಲಿ ನಿಂತಿರುತ್ತಾನೆ. ಕಾರ್ಯವು ಮನಸ್ಸಿನಿಂದ ಹೊರಟಿದೆ, ಇನ್ನೂ ಕೈಗೆ ಇಳಿದಿಲ್ಲ. ತಡೆಯುವುದಕ್ಕಾಗಲಿ, ತಿದ್ದುವುದಕ್ಕಾಗಲಿ, ನೆರವಾಗುವುದಕ್ಕಾಗಲಿ ಅದಕ್ಕಿಂತ ಅನುಕೂಲವಾದ ಸ್ಥಾನ ಬೇರೆಯಿಲ್ಲ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಏತಕ್ಕೆಂದು ಕೇಳುವುದು ಮಿತ್ರನನ್ನು ಶಂಕಿಸಿದಂತಾಗುವುದಿಲ್ಲವೆ? ಕೇಳುವ ರೀತಿಯಲ್ಲಿ ಇದರ ಉತ್ತರವಿದೆ. ಲೇವಾದೇವಿಗಾರನು ಸಾಲಗಾರನನ್ನು ಕೇಳುವಂತೆ ಕೇಳಿದರೆ ಅದು ಶಂಕೆಯೇ ಸರಿ. ಬರಲೇ, ಹಿಡಿದುಕೊಳ್ಳಲು ಒಬ್ಬರು ಬೇಕಾಗಬಹುದು ಎಂದು ಕೇಳಿದರೆ ಅದೇ ಪ್ರಶ್ನೆ ಉಪಕಾರವಾಗುತ್ತದೆ. ಕೇಳುವವನ ಕರ್ತವ್ಯವೂ ಇಲ್ಲಿ ಸೇರಿಕೊಂಡಿದೆ. ಪ್ರಯೋಜನವನ್ನು ತಾನಾಗಿಯೇ ಹೇಳುವುದು, ಪಡೆದ ವಸ್ತುವನ್ನು ಕೊಟ್ಟವನಿಗೆ ತಿಳಿಸದೆ ಮೂರನೆಯವನ ಕೈಗೆ ದಾಟಿಸದಿರುವುದು, ತನ್ನದನ್ನು ನೋಡಿಕೊಳ್ಳುವಂತೆ ನೋಡಿಕೊಂಡು ತೊಳೆದು ಒರೆಸಿ ಹೇಳಿದ ದಿನಕ್ಕೆ ಹಿಂದಿರುಗಿಸುವುದು, ಮುರಿದಿದ್ದರೆ ಮುರಿದಿದೆಯೆಂದು ಹೇಳುವುದು - ಇಷ್ಟನ್ನು ನಡೆಸಿದವನನ್ನು ಯಾರೂ ಪ್ರಶ್ನಿಸಬೇಕಾಗಿಲ್ಲ.

ವ್ಯಾಪಾರಿಗಳ ಲೆಕ್ಕದ ಪುಸ್ತಕದಲ್ಲಿ ವಸ್ತು ಹೋದ ದಿನಕ್ಕೆ ಒಂದು ಅಂಕಣವಿದೆ, ಬಂದ ದಿನಕ್ಕೆ ಒಂದು ಅಂಕಣವಿದೆ. ನಡುವೆ ಅದು ಏನು ಮಾಡಿತೆಂಬುದಕ್ಕೆ ಅಂಕಣವಿಲ್ಲ. ಗೃಹಸ್ಥನ ಎರವಲಿಗೆ ಪುಸ್ತಕ ಬೇಡ. ಆ ನಡುವಣ ಅವಧಿಯನ್ನು ಮಾತ್ರ ಅವನು ಮರೆಯಬಾರದು. ಕೊಡುವ ಮೊದಲು ವಸ್ತುವಿನ ದೋಷವನ್ನು ಹೇಳುವುದಕ್ಕೂ, ಕಾರ್ಯವೇನೆಂದು ಕೇಳುವುದಕ್ಕೂ ತಗಲುವ ಹೊತ್ತು ಅತ್ಯಲ್ಪ. ಜೊತೆಗೆ ಹೋಗುವುದಾದರೆ ಒಂದು ಸಂಜೆ. ಅಷ್ಟನ್ನು ಕೊಡಲು ಸಿದ್ಧನಿಲ್ಲದವನು ಏಣಿಯನ್ನು ಕೊಟ್ಟನೆಂದು ಹೇಳಬಹುದೇ ಹೊರತು ಮಿತ್ರನಿಗೆ ನೆರವಾದನೆಂದು ಹೇಳಲಾಗದು. ಶ್ರಾವಕರು ಇದನ್ನು ತಮ್ಮ ತಮ್ಮ ಮನೆಗಳಲ್ಲಿ ವಿಚಾರಿಸಿ ಆಚರಣೆಗೆ ತರುವುದು ಉಚಿತ.