ಯಾರೂ ವಸೂಲಿ ಮಾಡದ ಋಣ

1907ರಲ್ಲಿ ಮುಂಬೈಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಓದುತ್ತಿದ್ದ ಮಹಾರ್ ಹುಡುಗನೊಬ್ಬ ಮೆಟ್ರಿಕ್ ಪಾಸಾದ. ಅವನ ಜನಕ್ಕೆ ಅದು ಹಬ್ಬದಂಥ ಸಂಗತಿ. ಒಂದು ಅಭಿನಂದನಾ ಸಭೆ ನಡೆಯಿತು. ಸಭೆಗೆ ಬಂದಿದ್ದ ಮರಾಠಿ ಲೇಖಕ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ತಾವೇ ಬರೆದ ಬುದ್ಧನ ಚರಿತ್ರೆಯ ಒಂದು ಪ್ರತಿಯನ್ನು ಹುಡುಗನ ಕೈಗಿತ್ತರು. ಕೇಳುಸ್ಕರ್ ಅವನ ಶಾಲೆಯ ಮೇಷ್ಟ್ರಲ್ಲ. ಅವರು ಪಾಠ ಹೇಳುತ್ತಿದ್ದದ್ದು ವಿಲ್ಸನ್ ಹೈಸ್ಕೂಲಿನಲ್ಲಿ. ಚರ್ನಿ ರೋಡಿನ ಉದ್ಯಾನದಲ್ಲಿ ಒಬ್ಬನೇ ಕೂತು ಓದುತ್ತಿದ್ದವನನ್ನು ಕಂಡು ತಾವಾಗಿ ಮಾತಾಡಿಸಿ, ಪುಸ್ತಕ ಕೊಡುತ್ತ ಬಂದವರು. ಆ ಹುಡುಗ ಭೀಮರಾವ್ ಅಂಬೇಡ್ಕರ್. ಮುಂದೆ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರಿಗೆ ಅವನ ಪರಿಚಯ ಮಾಡಿಸಿ, ಕಾಲೇಜು ಓದಿಗೆ ತಿಂಗಳಿಗೆ 25 ರೂಪಾಯಿ ಸಿಗುವಂತೆ ಮಾಡಿದವರೂ ಇವರೇ. 1956ರಲ್ಲಿ ಬುದ್ಧ ಮತ್ತು ಆತನ ಧಮ್ಮವನ್ನು ಕುರಿತ ಕೊನೆಯ ಗ್ರಂಥಕ್ಕೆ ಮುನ್ನುಡಿ ಬರೆಯುವಾಗ ಅಂಬೇಡ್ಕರ್ ಆ ಪುಸ್ತಕ ಕೈಗೆ ಬಂದ ಬಗೆಯನ್ನು ನೆನೆದಿದ್ದಾರೆ. ಕೇಳುಸ್ಕರ್ ತೀರಿಕೊಂಡು ಆಗಲೇ ಎರಡು ದಶಕ ದಾಟಿತ್ತು.

ಇಂಥ ಪ್ರಸಂಗಗಳನ್ನು ನಾವು ಗುರುಮಹಿಮೆಯ ಕಥೆಗಳಾಗಿ ಹೇಳಿ ಮುಗಿಸಿಬಿಡುತ್ತೇವೆ. ಅಷ್ಟಕ್ಕೇ ಬಿಡಲು ನನಗೆ ಮನಸ್ಸಿಲ್ಲ. ಒಬ್ಬ ಹಿರಿಯರು ತೋರಿದ ಅಕ್ಕರೆ ಮನುಷ್ಯನೊಬ್ಬನನ್ನು ಬದುಕಿನುದ್ದಕ್ಕೂ ಊರಾಚೆಯ ಕೇರಿಗಳ ಕಡೆಗೆ, ತುಂಡು ನೆಲವೂ ಇಲ್ಲದವರ ಕಡೆಗೆ ಮುಖ ಮಾಡಿ ನಿಲ್ಲಿಸುತ್ತದೆ ಎಂದರೆ, ಅದು ಅವನೊಳಗೆ ಮಾಡುವ ಕೆಲಸವಾದರೂ ಏನು?

ಕೃತಜ್ಞತೆ ಎಂಬುದು ಎಲ್ಲರ ಬಾಯಿಗೆ ಮೊದಲು ಬರುವ ಉತ್ತರ. ಪಡೆದದ್ದನ್ನು ಮರಳಿಸುವ ತುಡಿತವೇ ಸೇವೆಯಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಆದರೆ ಕೃತಜ್ಞತೆಯ ಮುಖ ಯಾವಾಗಲೂ ಕೊಟ್ಟವರ ಕಡೆಗಿರುತ್ತದೆ. ಅದು ಕಾಲಿಗೆ ಬೀಳುತ್ತದೆ, ಪಟಕ್ಕೆ ಹಾರ ಹಾಕುತ್ತದೆ, ಅಲ್ಲಿಗೆ ಹಗುರಾಗುತ್ತದೆ. ಬಲವಿಲ್ಲದವರ ಪಾಲಿಗಂತೂ ಅದು ಅಪಾಯದ ಗುಣ. ಏಕಲವ್ಯನಿಗೆ ದ್ರೋಣ ಒಂದು ದಿನವೂ ಬಿಲ್ಲು ಹಿಡಿಯಲು ಹೇಳಿಕೊಡಲಿಲ್ಲ. ಕೇಳಿದ್ದು ಮಾತ್ರ ಬಲಗೈ ಹೆಬ್ಬೆರಳು. ಬೇಡರ ಹುಡುಗ ಕೊಟ್ಟುಬಿಟ್ಟ, ನಾವು ಇಂದಿಗೂ ಅವನ ಗುರುಭಕ್ತಿಯನ್ನು ಮೆಚ್ಚುತ್ತೇವೆ. ನಮ್ಮ ಹಳ್ಳಿಗಳ ಜೀತವೂ ಇದೇ ನಂಬಿಕೆಯ ಮೇಲೆ ನಿಂತಿತ್ತು. ಮದುವೆಗೋ ಕಾಯಿಲೆಗೋ ದಣಿ ಒಂದಿಷ್ಟು ಹಣ ಕೊಟ್ಟ. ಪಡೆದವನು ದುಡಿದು ಸತ್ತ. ಅವನ ಮಗ ಅದೇ ದನದ ಕೊಟ್ಟಿಗೆಯಲ್ಲಿ ಕಸ ಬಾಚಿದ. ಅನ್ನ ಹಾಕಿದ ಮನೆಗೆ ಎರಡು ಬಗೆಯಬಾರದು ಎಂದು ಆ ಮಗನಿಗೆ ಬುದ್ಧಿ ಹೇಳಿದವರು ಅವನ ಹಿರಿಯರೇ. ಹಾಗಿರುವಾಗ ಸೇವೆಯ ಬೇರನ್ನು ಕೃತಜ್ಞತೆಯಲ್ಲಿ ಹುಡುಕುವುದು ನನಗೆ ಸರಿ ಕಾಣುವುದಿಲ್ಲ.

ನನ್ನ ಉತ್ತರ ಬೇರೆ. ಅವಮಾನದಲ್ಲೇ ಹುಟ್ಟಿ ಬೆಳೆದವನಿಗೆ ಅದು ಬಿಸಿಲು ಮಳೆಗಳ ಹಾಗೆ ಲೋಕದ ಸಹಜ ಸ್ಥಿತಿಯಾಗಿ ಕಾಣುತ್ತದೆ. ಸಾತಾರೆಯ ಶಾಲೆಯಲ್ಲಿ ಬಾಲಕ ಭೀಮರಾವ್ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕೂರಬೇಕಿತ್ತು, ನಲ್ಲಿ ಮುಟ್ಟುವಂತಿರಲಿಲ್ಲ, ಜವಾನ ಬಾರದ ದಿನ ನೀರಿಲ್ಲ. 1901ರಲ್ಲಿ ತಂದೆಯನ್ನು ಕಾಣಲು ಹೊರಟು ಮಸೂರ್ ಸ್ಟೇಷನ್ನಿನಲ್ಲಿ ಇಳಿದಾಗ ಜಾತಿ ತಿಳಿದ ಗಾಡಿಯವರು ಯಾರೂ ಮಕ್ಕಳನ್ನು ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು ಗಾಡಿಯನ್ನು ಆ ಮಕ್ಕಳೇ ಹೊಡೆದುಕೊಂಡು ಹೋದರು. ಹೀಗೆ ಬೆಳೆದವನ ಪಕ್ಕಕ್ಕೆ ಬಂದು ಹಿರಿಯರೊಬ್ಬರು ಮಾತಿಗೆ ಕೂತರೆ ಏನಾಗುತ್ತದೆ? ಲೋಕ ಬೇರೆ ಥರವೂ ಇರಬಲ್ಲದು ಎಂಬುದಕ್ಕೆ ಕಣ್ಣೆದುರೇ ಸಾಕ್ಷಿ ಸಿಗುತ್ತದೆ. ಒಬ್ಬರಿಗೆ ಸಾಧ್ಯವಾದದ್ದು ಉಳಿದವರಿಗೂ ಸಾಧ್ಯವಿತ್ತು. ಅವರು ಮಾಡಲಿಲ್ಲ, ಅಷ್ಟೆ. ಅವಮಾನ ವಿಧಿಯದಲ್ಲ, ಮನುಷ್ಯರದೇ ಕೆಲಸ ಎಂದು ತಿಳಿಯುವುದು ಆಗ. ಹಿರಿಯರ ದಯೆ ಮೊದಲು ಹೊತ್ತಿಸುವುದು ಈ ಅರಿವನ್ನು, ಮತ್ತು ಈ ಅರಿವಿನಲ್ಲಿ ನೆಮ್ಮದಿಯಿಲ್ಲ.

ಆ ನೆಮ್ಮದಿಗೇಡಿನ ಊರು ಬರೋಡಾ. ಸಯಾಜಿರಾವ್ ಅವರ ನೆರವಿನಿಂದಲೇ ಅಂಬೇಡ್ಕರ್ 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಒಪ್ಪಂದದಂತೆ 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಬಂದರು. ಅಲ್ಲಿ ಅವರಿಗೆ ಬಾಡಿಗೆಗೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರವೊಂದರಲ್ಲಿ ಹೆಸರು ಮರೆಸಿ ಉಳಿದರು. ಕೆಲವೇ ದಿನಗಳಲ್ಲಿ ಬಡಿಗೆ ಹಿಡಿದ ಗುಂಪು ಬಂದು ಹೊರಹಾಕಿತು. ಕಚೇರಿಯ ಜವಾನರು ಕಡತಗಳನ್ನು ದೂರದಿಂದಲೇ ಮೇಜಿನ ಮೇಲೆ ಎಸೆಯುತ್ತಿದ್ದರು. ಮಹಾರಾಜನೊಬ್ಬನ ಒಳ್ಳೆಯತನ ಒಬ್ಬ ತರುಣನನ್ನು ನ್ಯೂಯಾರ್ಕಿಗೆ ಕಳಿಸಬಲ್ಲದಾಗಿತ್ತು. ತನ್ನದೇ ರಾಜಧಾನಿಯಲ್ಲಿ ಅವನಿಗೊಂದು ಸೂರು ಕೊಡಿಸಲು ಅದರ ಕೈಲಿ ಆಗಲಿಲ್ಲ. ಬಾಳಿಡೀ ನಡೆಯುವ ಸೇವೆ ಹುಟ್ಟುವುದು ಈ ಅಂತರದಲ್ಲಿ ಎಂಬುದು ನನ್ನ ವಾದ. ಒಂದು ಕಡೆ, ತನಗೆ ಸಿಕ್ಕ ಸಮಾನತೆಯ ನೆನಪು. ಇನ್ನೊಂದು ಕಡೆ, ಅದನ್ನು ತನಗೂ ತನ್ನವರಿಗೂ ದಿನವೂ ನಿರಾಕರಿಸುವ ಊರು. ಬರೀ ಗಾಯ ಸಿಕ್ಕವನು ಕಹಿಯಲ್ಲಿ ಕರಗಬಹುದು, ಇಲ್ಲವೇ ತನ್ನನ್ನು ಮಾತ್ರ ಪಾರುಮಾಡಿಕೊಂಡು ಹೋಗಬಹುದು. ಬರೀ ಅಕ್ಕರೆ ಸಿಕ್ಕವನು ಬೆಚ್ಚಗಿರಬಹುದು. ಎರಡನ್ನೂ ಉಂಡವನಿಗೆ ಸುಮ್ಮನಿರುವುದು ಕಷ್ಟ. ಕೆರೆಯ ನೀರಿನ ಹಕ್ಕಿಗಾಗಿ 1927ರ ಮಹಾಡ್ ಸತ್ಯಾಗ್ರಹ, ಮಹಾರರನ್ನು ಊರ ಬಿಟ್ಟಿ ಚಾಕರಿಗೆ ಕಟ್ಟಿಹಾಕಿದ್ದ ವತನದ ವಿರುದ್ಧ 1928ರ ಮಸೂದೆ, ಕೊಂಕಣದ ಗೇಣಿದಾರರನ್ನು ಹಿಂಡುತ್ತಿದ್ದ ಖೋತಿ ಪದ್ಧತಿಯ ವಿರುದ್ಧ 1937ರ ಮಸೂದೆ: ಇವುಗಳಲ್ಲಿ ಯಾವುದನ್ನೂ ಕೇಳುಸ್ಕರ್ ಹೇಳಿಕೊಟ್ಟಿರಲಿಲ್ಲ.

ಹೇಳಿಕೊಡದೆ ಇದ್ದದ್ದೇ ಇಲ್ಲಿ ಮುಖ್ಯ. ಅವರು ಪುಸ್ತಕ ಕೊಟ್ಟರು, ಅದನ್ನು ಹೇಗೆ ಓದಬೇಕೆಂದು ಕಟ್ಟುಪಾಡು ಹಾಕಲಿಲ್ಲ. ಹುಡುಗ ಅದನ್ನು ಓದಿದವನೇ, ರಾಮಾಯಣ ಮಹಾಭಾರತಗಳನ್ನೇ ಯಾಕೆ ಓದಿಸುತ್ತೀರಿ ಎಂದು ತಂದೆಯನ್ನು ಪ್ರಶ್ನಿಸತೊಡಗಿದ. ಶಿಷ್ಯ ತನ್ನ ಪಡಿಯಚ್ಚಾಗಲಿ ಎಂದು ಬಯಸುವ ಗುರುವಿನ ಪ್ರೀತಿಯಲ್ಲಿ ಸ್ವಂತದ ಆಸೆ ಬೆರೆತಿರುತ್ತದೆ. ಅದು ಅನುಯಾಯಿಗಳನ್ನು ಹೆಚ್ಚಿಸಬಹುದು, ಆದರೆ ಅವರ ದುಡಿಮೆಯೆಲ್ಲ ಗುರುವಿನ ಹೆಸರಿಗೇ ಹೋಗುತ್ತದೆ. ಈ ಮಾತಿಗೆ ನಮ್ಮ ಕರಾವಳಿಯಲ್ಲೇ ಒಂದು ಉದಾಹರಣೆಯಿದೆ. ವಕೀಲರಾಗಿದ್ದ ಕುದ್ಮುಲ್ ರಂಗರಾವ್ ಮಂಗಳೂರಿನ ಸುತ್ತ ದಲಿತ ಮಕ್ಕಳಿಗಾಗಿ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದವರು. ಅದಕ್ಕಾಗಿ ಸ್ವಜಾತಿಯ ಬಹಿಷ್ಕಾರ ಉಂಡವರು. ತಮ್ಮ ಶಾಲೆಯಲ್ಲಿ ಕಲಿತ ಮಕ್ಕಳು ಸರ್ಕಾರಿ ಕೆಲಸ ಹಿಡಿದು ಈ ರಸ್ತೆಯಲ್ಲಿ ಕಾರಿನಲ್ಲಿ ಓಡಾಡುವಾಗ ಏಳುವ ಧೂಳು ತಮ್ಮ ತಲೆಗೆ ತಾಗಲಿ ಎಂದು ಅವರು ಬಯಸಿದ್ದರು. ಆ ಬಯಕೆಯನ್ನು ಅವರ ಸಮಾಧಿಯ ಮೇಲೂ ಕೆತ್ತಲಾಗಿದೆ. ಶಿಷ್ಯನ ತಲೆಯ ಮೇಲೆ ಗುರುವಿನ ಪಾದಧೂಳಿ ಎಂಬ ಹಳೆಯ ಕ್ರಮವನ್ನು ಅವರು ಪೂರ್ತಿ ತಿರುಗಿಸಿಟ್ಟರು.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ, ಮತ್ತು ಅದು ಗಟ್ಟಿಯಾದದ್ದು. ಬಡವರಿಗೆ ಬೇಕಾದದ್ದು ಹಕ್ಕು. ಒಳ್ಳೆಯವರ ದಯೆಯನ್ನು ಕೊಂಡಾಡುತ್ತ ಕೂತರೆ ಹಕ್ಕಿನ ಮಾತು ಹಿಂದೆ ಬೀಳುತ್ತದಲ್ಲವೆ? ಇದಕ್ಕೆ ಉತ್ತರ ಹುಡುಕುವಾಗ ನನಗೆ ನೆನಪಾಗುವವರು ಆಂಧ್ರಪ್ರದೇಶದ ಐಎಎಸ್ ಅಧಿಕಾರಿಯಾಗಿದ್ದ ಎಸ್. ಆರ್. ಶಂಕರನ್. ಮದುವೆಯಾಗದೆ, ಸಂಬಳದ ಬಹುಪಾಲನ್ನು ಬಡ ಮಕ್ಕಳ ಓದಿಗೆ ಕೊಟ್ಟುಬಿಟ್ಟ ಮನುಷ್ಯ. ಪದ್ಮಭೂಷಣವನ್ನೂ ಬೇಡವೆಂದರು. ಆದರೆ ಅವರ ದೊಡ್ಡ ಕೆಲಸ ಈ ದಾನವಲ್ಲ. 1976ರ ಜೀತ ನಿರ್ಮೂಲನಾ ಕಾಯ್ದೆ ಒಂದು ಅಪರೂಪದ ಕಾನೂನು. ಜೀತಗಾರನ ಮೇಲಿನ ಸಾಲ ಪೂರ್ತಿ ಅಳಿದುಹೋಯಿತೆಂದು, ಅದರ ಬಾಬ್ತು ಹಣ ಪಡೆಯುವುದೇ ಅಪರಾಧವೆಂದು ಅದು ಸಾರುತ್ತದೆ. ಹೆಚ್ಚಿನ ಕಡೆ ಅದು ಕಾಗದದಲ್ಲೇ ಉಳಿದಿದ್ದಾಗ ಶಂಕರನ್ ಹಳ್ಳಿ ಹಳ್ಳಿಗೆ ಹೋಗಿ, ನೀವು ಸ್ವತಂತ್ರರು, ಯಾರಿಗೂ ಏನೂ ಕೊಡಬೇಕಿಲ್ಲ ಎಂಬುದನ್ನು ಜೀತಗಾರರಿಗೇ ನೇರ ತಿಳಿಸಿದರು. ಇದು ಜನರನ್ನು ಎತ್ತಿಕಟ್ಟುವ ಕೆಲಸ ಎಂದು ಅಂದಿನ ಮುಖ್ಯಮಂತ್ರಿ ಚೆನ್ನಾರೆಡ್ಡಿ ಸಿಟ್ಟಾದರು. ಶಂಕರನ್ ರಜೆ ಹಾಕಿ ಹೊರನಡೆದರು; ತ್ರಿಪುರದ ಮುಖ್ಯಮಂತ್ರಿ ನೃಪೇನ್ ಚಕ್ರವರ್ತಿ ಅವರನ್ನು ಕರೆಸಿಕೊಂಡು ತಮ್ಮ ರಾಜ್ಯದ ಮುಖ್ಯ ಕಾರ್ಯದರ್ಶಿಯನ್ನಾಗಿ ಮಾಡಿಕೊಂಡರು.

ಶಂಕರನ್ ಅವರ ಕೈಕೆಳಗೆ ಪಳಗಿದ ಕಿರಿಯ ಅಧಿಕಾರಿಗಳು ಕಂಡದ್ದು ಈ ಎರಡನ್ನೂ ಒಟ್ಟಿಗೆ. ಬಡವನೊಬ್ಬ ಬಂದರೆ ಎದ್ದು ನಿಂತು ಕುರ್ಚಿ ಕೊಡುವ ಮೃದುತನ, ಕಾನೂನಿನ ಒಂದಕ್ಷರವನ್ನೂ ದಣಿಗಳಿಗೆ ಬಿಟ್ಟುಕೊಡದ ಗಟ್ಟಿತನ. ಇವು ಎರಡು ಬೇರೆ ಗುಣಗಳೆಂದು ನನಗೆ ಅನ್ನಿಸುವುದಿಲ್ಲ. ಎದುರಿಗಿರುವವನು ನನ್ನ ಸಮ ಎಂದು ನಿಜವಾಗಿ ತಿಳಿದವನು ಅವನಿಗೆ ಕುರ್ಚಿಯನ್ನೂ ಕೊಡುತ್ತಾನೆ, ಅವನ ಪಾಲಿನ ಕಾನೂನನ್ನೂ ಕೊಡಿಸುತ್ತಾನೆ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ, ಮಲ ಬಾಚುವ ಕೆಲಸಕ್ಕೆ ತಳ್ಳಲ್ಪಟ್ಟ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ 1990ರ ದಶಕದಲ್ಲಿ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟುವಾಗ ಜೊತೆಗೆ ನಿಂತವರು ನಿವೃತ್ತರಾಗಿದ್ದ ಇದೇ ಶಂಕರನ್. ಅಷ್ಟು ದೊಡ್ಡ ಹುದ್ದೆಗಳಲ್ಲಿ ಇದ್ದವರು ಆಂದೋಲನವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ನಾಯಕತ್ವ ಆ ಸಮುದಾಯದವರಲ್ಲೇ ಉಳಿಯಿತು. ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. 2014ರಲ್ಲಿ ತೀರ್ಪು ಬಂತು. ದಯೆ ಹಕ್ಕಿನ ಎದುರಾಳಿ ಎಂಬ ಆಕ್ಷೇಪ ಮಾಲೀಕನ ದಯೆಗೆ ಪೂರ್ತಿ ಸಲ್ಲುತ್ತದೆ, ಈ ಬಗೆಯ ದಯೆಗೆ ಸಲ್ಲುವುದಿಲ್ಲ.

ಹಾಗೆಂದು ಇದನ್ನು ತಪ್ಪದ ಫಲದ ಹಾಗೆ ಹೇಳುವಂತಿಲ್ಲ. 1956ರ ಮಾರ್ಚಿನಲ್ಲಿ ಆಗ್ರಾದ ಸಭೆಯಲ್ಲಿ ಅಂಬೇಡ್ಕರ್ ನೊಂದು ಮಾತಾಡಿದರು: ಓದಿದವರು ಸಮಾಜಕ್ಕೆ ದುಡಿಯುತ್ತಾರೆಂದು ನಂಬಿದ್ದೆ, ಅವರು ಹೊಟ್ಟೆ ಹೊರೆಯುವ ಗುಮಾಸ್ತರ ಗುಂಪಾದರು ಎಂಬುದು ಅವರ ಅಳಲು. ಅವರಿಂದ ನೆರವು ಪಡೆದವರಲ್ಲೇ ಹಲವರು ತಿರುಗಿ ನೋಡಲಿಲ್ಲ. ಆ ಗುಮಾಸ್ತರನ್ನು ಹಳಿಯಲು ನನಗೆ ಬಾಯಿ ಬರುವುದಿಲ್ಲ. ತಲೆಮಾರುಗಳ ಹಸಿವಿನ ನಂತರ ಮೊದಲ ಸಂಬಳ ಕಂಡವರು ಅವರು. ಆದರೂ ಒಂದು ವ್ಯತ್ಯಾಸ ಗಮನಿಸಬೇಕು. ಅವರಲ್ಲಿ ಬಹುಪಾಲು ಜನಕ್ಕೆ ಸಿಕ್ಕದ್ದು ಸೀಟು, ಶುಲ್ಕ, ವೇತನ. ಪಕ್ಕಕ್ಕೆ ಬಂದು ಕೂತು ಏನು ಓದುತ್ತೀಯ ಎಂದು ಕೇಳುವ ಕೇಳುಸ್ಕರ್ ಎಲ್ಲರ ಪಾಲಿಗೂ ಬರಲಿಲ್ಲ.

ಇಂದು ನಮ್ಮ ತಾಲ್ಲೂಕುಗಳಲ್ಲಿ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಿವೆ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿವೆ. ಹಳ್ಳಿಯ ದಲಿತ, ಆದಿವಾಸಿ, ಅಲೆಮಾರಿ ಮಕ್ಕಳಿಗೆ ಇವು ಹಕ್ಕಾಗಿ ಸಿಕ್ಕ ಜಾಗಗಳು. ಇವುಗಳ ಹಿಂದೆ ದೊಡ್ಡ ಹೋರಾಟವಿದೆ. ಪರಿಶೀಲನೆಗೆ ಬಂದವರು ಹಾಸಿಗೆ, ಅಕ್ಕಿ, ಶೌಚಾಲಯಗಳ ಲೆಕ್ಕ ನೋಡುತ್ತಾರೆ. ನೋಡಲೇಬೇಕು. ಗಣಿತದಲ್ಲಿ ಫೇಲಾಗಿ ಊರಿಗೆ ಹೋದವಳು ಮರಳಿ ಬಾರದಿದ್ದಾಗ ಅವಳ ಮನೆ ಬಾಗಿಲಿಗೆ ಹೋದವರು ಯಾರು ಎಂಬ ಕಾಲಂ ಯಾವ ವಹಿಯಲ್ಲೂ ನನಗೆ ಕಂಡಿಲ್ಲ. ಸರ್ಕಾರ ಆದೇಶ ಹೊರಡಿಸಿ ಯಾರನ್ನೂ ಕೇಳುಸ್ಕರ್ ಮಾಡಲಾರದು. ಆದರೆ ವಾರ್ಡನ್ ಒಬ್ಬರಿಗೆ ಮೂರು ಹಾಸ್ಟೆಲುಗಳ ಹೊಣೆ ಹೊರಿಸದಿರುವುದು, ಮಕ್ಕಳ ಹೆಸರು, ಊರು, ಮನೆಯ ಕಷ್ಟ ತಿಳಿಯುವ ಮುಂಚೆಯೇ ಅವರನ್ನು ಎತ್ತಂಗಡಿ ಮಾಡದಿರುವುದು, ಸಂಜೆಯ ಹೊತ್ತು ಬಿಲ್ಲು ಬರೆಯುವುದನ್ನು ಬಿಟ್ಟು ಮಕ್ಕಳ ನಡುವೆ ಕೂರಲು ಅವರಿಗೆ ಬಿಡುವು ಕೊಡುವುದು ಸರ್ಕಾರದ ಕೈಯಲ್ಲೇ ಇದೆ. ಮುಂದಿನ ಆಯವ್ಯಯದಲ್ಲಿ ನಾವು ಜಗಳವಾಡಿ ಕೇಳಬೇಕಾದ ಬಾಬತ್ತುಗಳಲ್ಲಿ ಇದೂ ಒಂದು.