ಮೋಟಾರು ಇದ್ದವರ ತಾಳ್ಮೆ

ಕಳೆದ ತಿಂಗಳು ಮೈಸೂರಿನ ಗೆಳೆಯನೊಬ್ಬ ತನ್ನ ಪುಟ್ಟ ಹಾಯಿದೋಣಿಯಲ್ಲಿ ನನ್ನನ್ನು ಕೆ.ಆರ್.ಎಸ್. ಹಿನ್ನೀರಿಗೆ ಕರೆದೊಯ್ದಿದ್ದ. ಹಿಂಬದಿಗೆ ಸಣ್ಣದೊಂದು ಎಲೆಕ್ಟ್ರಿಕ್ ಮೋಟಾರು, ಕಾಲ ಬಳಿ ಅದರ ಬ್ಯಾಟರಿ. ನಾನು ಶಹಾಪುರ ತಾಲ್ಲೂಕಿನ ವನದುರ್ಗದವನು. ನಮ್ಮೂರಲ್ಲಿ ಕೋಟೆ ಇದೆ; ಕೃಷ್ಣೆ ನಮ್ಮ ತಾಲ್ಲೂಕಿನ ಹೊಲಗಳಿಗೆ ಬರುವುದು ನಾರಾಯಣಪುರದ ಕಾಲುವೆಯಲ್ಲಿ. ದೊಡ್ಡ ನೀರಿನ ರೂಢಿ ನನಗಿಲ್ಲ. ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಎರಡೆರಡು ಸಲ ಬಿಗಿದುಕೊಂಡೆ.

ಬೆಳಿಗ್ಗೆ ಗಾಳಿ ಚೆನ್ನಾಗಿತ್ತು. ಗಾಳಿಗೆ ನೇರ ಎದುರಾಗಿ ಹಾಯಿದೋಣಿ ಹೋಗಲಾರದು. ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಾವಿನಂತೆ ಸಾಗಬೇಕು. ಹನ್ನೆರಡರ ಹೊತ್ತಿಗೆ ಗಾಳಿ ಬಿದ್ದುಹೋಯಿತು. ಹಾಯಿ ಒದ್ದೆ ಪಂಚೆಯಂತೆ ಜೋತುಬಿತ್ತು. ನಿಂತ ದೋಣಿಯಲ್ಲಿ ಚುಕ್ಕಾಣಿಯೂ ಕೆಲಸಕ್ಕೆ ಬಾರದು. ನಾನು ಮೋಟಾರಿನ ಕಡೆ ನೋಡಿದೆ. ‘ಮುಟ್ಟಬೇಡ, ಕಾಯೋಣ. ತಾಳ್ಮೆ ಕಲಿಯೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ’ ಎಂದ ಗೆಳೆಯ.

ಮುಕ್ಕಾಲು ಗಂಟೆ ಕಾದೆವು. ಹಿತವಾಗಿಯೇ ಇತ್ತು, ಸುಳ್ಳು ಹೇಳಲಾರೆ. ಆದರೆ ‘ತಾಳ್ಮೆ’ ಎಂಬ ಮಾತು ಮುಳ್ಳಿನಂತೆ ಚುಚ್ಚಿತು. ಬೇಕೆಂದಾಗ ಮುಗಿಸಬಹುದಾದ ಕಾಯುವಿಕೆ ತಾಳ್ಮೆಯೇ?

ನೆನಪಾದದ್ದು ನೀಲಕಂಠರಾಯನಗಡ್ಡಿ. ಆಗಿನ ಸುರಪುರ ತಾಲ್ಲೂಕಿನಲ್ಲಿ, ಕೃಷ್ಣೆಯ ನಡುವೆ ಇರುವ ನಡುಗಡ್ಡೆ. ಜಲಾಶಯದಿಂದ ನೀರು ಬಿಟ್ಟರೆ ಊರಿನ ದಾರಿ ಮುಚ್ಚಿಹೋಗುತ್ತಿತ್ತು. 2014ರ ಜುಲೈನಲ್ಲಿ ಅಲ್ಲಿನ ತುಂಬು ಗರ್ಭಿಣಿಯೊಬ್ಬಳು ಕಕ್ಕೇರಾದ ಆಸ್ಪತ್ರೆ ಸೇರಲು ಆ ಪ್ರವಾಹವನ್ನು ಈಜಿ ದಾಟಿದಳು. ಮೈಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡಿದ್ದಳು. ಜೊತೆಗೆ ತಂದೆ, ಅಣ್ಣತಮ್ಮಂದಿರು ಈಜಿದರು. ಸುದ್ದಿ ವಿದೇಶದ ಪತ್ರಿಕೆಗಳಲ್ಲೂ ಬಂತು. ಎಲ್ಲರೂ ಧೈರ್ಯವನ್ನು ಹೊಗಳಿದರು. ನಾನೂ ಆಗ ‘ನಮ್ಮ ಜಿಲ್ಲೆಯ ಹೆಣ್ಣು’ ಎಂದು ಹಾಸ್ಟೆಲಿನಲ್ಲಿ ಎದೆಯುಬ್ಬಿಸಿ ಹೇಳಿಕೊಂಡು ತಿರುಗಿದ್ದೆ. ಆಕೆಗೆ ಬೇಕಾಗಿದ್ದದ್ದು ಸೇತುವೆ. ನಾನು ಕೊಟ್ಟದ್ದು ಚಪ್ಪಾಳೆ, ಅದೂ ದೂರದಿಂದ.

ಆ ಧೈರ್ಯ ಸುಳ್ಳಲ್ಲ. ಆದರೆ ಬೇರೆ ದಾರಿ ಇಲ್ಲದವರ ಕಷ್ಟವನ್ನು ಗುಣವೆಂದು ಕೊಂಡಾಡುವಾಗ, ದಾರಿ ಮಾಡಬೇಕಿದ್ದವರು ಮೆಲ್ಲಗೆ ಪಾರಾಗಿಬಿಡುತ್ತಾರೆ. ನಮ್ಮಂಥವರು ಒಂದು ಹೆಜ್ಜೆ ಮುಂದೆ ಹೋಗಿ, ಅದೇ ಕಷ್ಟವನ್ನು ಭಾನುವಾರದ ಮಟ್ಟಿಗೆ ಬಾಡಿಗೆಗೆ ತಂದು, ತಾಳ್ಮೆ ಎಂದು ಹೆಸರಿಡುತ್ತೇವೆ. ಹಾಗೆಂದು ಹಾಯಿದೋಣಿ ಪಾಪವೇನಲ್ಲ. ಆಟಕ್ಕೆ ಆಟವೆಂದು ಕರೆದರೆ ನನ್ನ ತಕರಾರಿಲ್ಲ.

ಇದನ್ನು ಗೆಳೆಯನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ಮೋಟಾರು ಹಾಕ್ಲಾ?’ ಎಂದ. ಹಾಕಿದ, ಅರ್ಧ ವೇಗದಲ್ಲಿ. ವೇಗ ಅರ್ಧಕ್ಕಿಳಿಸಿದರೆ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ಎಂಟನೇ ಒಂದು ಪಾಲಂತೆ. ಅದೇ ಬ್ಯಾಟರಿಯಲ್ಲಿ ಬಹಳ ದೂರ ಹೋಗಬಹುದು. ಸದ್ದೇ ಇಲ್ಲದೆ ದಡ ಸೇರಿದೆವು.

ರಾತ್ರಿ ಅವ್ವನಿಗೆ ಫೋನು ಮಾಡಿದೆ.

‘ನೀರಾಗ ಹೋಗಿದ್ದೇನು? ಈಸಾಕ ಬರಲ್ಲಲ್ಲೋ ನಿನಗ!’

‘ಲೈಫ್ ಜಾಕೆಟ್ ಇತ್ತು ಯವ್ವಾ.’

‘ಹಂಗಂದ್ರ?’

‘ಸೋರೆಬುರುಡೆ ಇದ್ದಂಗ’ ಎಂದೆ.