ಬಾಯಿಲ್ಲದ ಕೂಸಿನ ಪರವಾಗಿ

(ಓದತಕ್ಕ ಭಾಗ: ಜ್ಞಾನೋಕ್ತಿಗಳು 31:4-9)



ಲೆಮೂವೇಲನೆಂಬ ಅರಸನಿಗೆ ಅವನ ತಾಯಿ ಕಲಿಸಿದ ಬುದ್ಧಿಮಾತುಗಳು ಈ ಅಧ್ಯಾಯದಲ್ಲಿ ಉಂಟು. ಮೊದಲು ಆಕೆ ಕುಡಿತವನ್ನು ಕುರಿತು ಎಚ್ಚರಿಸುತ್ತಾಳೆ. ಅದರ ಬಳಿಕ, ತಮಗೋಸ್ಕರ ಮಾತಾಡಲಾರದವರ ಪರವಾಗಿ ಮಾತಾಡಬೇಕೆಂದು ಬೋಧಿಸುತ್ತಾಳೆ. ಈ ಎರಡು ಬುದ್ಧಿಗಳು ಒಂದರ ಪಕ್ಕದಲ್ಲಿ ಒಂದು ಇರುವದು ಸುಮ್ಮನೆಯೋ? ಕುಡಿತವು ಹೊಕ್ಕ ಮನೆಯಲ್ಲಿ ಮೊದಲು ನೋಯುವವರು ಬಾಯಿಲ್ಲದವರೇ. ಆಗ ತಾನೇ ಹುಟ್ಟಿದ ಕೂಸಿಗಿಂತ ಬಾಯಿಲ್ಲದವರು ಯಾರಿದ್ದಾರೆ?

ಸಂಸೋನನ ತಾಯಿಯು ಗರ್ಭಿಣಿಯಾಗುವ ಮುಂಚೆಯೇ ಮದ್ಯವನ್ನು ಮುಟ್ಟಬಾರದೆಂದು ದೇವದೂತನಿಂದ ಅಪ್ಪಣೆ ಹೊಂದಿದಳು. ಅದು ಮಗನ ಪ್ರತಿಷ್ಠೆಗಾಗಿ ಕೊಟ್ಟ ಅಪ್ಪಣೆ. ಆದರೂ ತಾಯಿ ಕುಡಿದದ್ದು ಹೊಕ್ಕುಳಬಳ್ಳಿಯ ಮೂಲಕ ಕೂಸಿಗೂ ಸೇರುತ್ತದೆಂದು ಈಗ ವೈದ್ಯರು ಬಲ್ಲರು. 1973ರಲ್ಲಿ ಅಮೇರಿಕಾ ದೇಶದ ಸಿಯಾಟಲ್ ಪಟ್ಟಣದ ವೈದ್ಯರು ಇದರಿಂದಾಗುವ ಕೇಡಿಗೆ ಹೆಸರಿಟ್ಟರು. ಅಂಥ ಕೂಸು ತೂಕದಲ್ಲಿ ಕಡಿಮೆಯಾಗಿ, ತಲೆ ಚಿಕ್ಕದಾಗಿ ಹುಟ್ಟಬಹುದು. ಬೆಳೆದ ಮೇಲೆ ಪಾಠ ಹತ್ತದೆ ಹೋಗಬಹುದು. ಅಫೀಮಿನಂಥ ವಸ್ತುಗಳಿಗೆ ಒಳಗಾದ ಕೂಸು ಹುಟ್ಟಿದ ಕೆಲವು ದಿನಗಳಲ್ಲಿಯೇ ನಡುಗುತ್ತದೆ, ಕಿರಿಚಿ ಅಳುತ್ತದೆ, ಸರಿಯಾಗಿ ಮೊಲೆಯುಣ್ಣಲಾರದು. ಇಂಥ ಗುರುತುಗಳು ಬೇರೆ ರೋಗಗಳಿಂದಲೂ ತೋರಬಹುದು. ಆದದರಿಂದಲೇ ನಿಜಸಂಗತಿಯು ವೈದ್ಯರಿಗೆ ತಿಳಿಯತಕ್ಕದ್ದು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಗಳ ಸಭೆಯವರೇ, ಇದು ದೂರದೇಶದ ಮಾತೆಂದು ನೆನಸಬೇಡಿರಿ. 2007ರಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು, ಕುಡಿತವು ನಿಲ್ಲಲಿಲ್ಲ. ಶೀತಕ್ಕೆಂದು ಬಾಣಂತಿಗೂ ಕೂಸಿಗೂ ಬ್ರಾಂದಿ ಕೊಡುವ ರೂಢಿಯೂ ಅಲ್ಲಲ್ಲಿ ಉಂಟು.

ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರ ಹೆಸರನ್ನು ಕೇಳದವರಾರು? ಹಣ ಮುಟ್ಟದೆ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದ ಆ ತಾಯಿಯು 2018ರಲ್ಲಿ ಪದ್ಮಶ್ರೀ ಗೌರವವನ್ನು ಹೊಂದಿ, ಅದೇ ವರುಷ ಕ್ರಿಸ್ಮಸ್ ದಿನದಲ್ಲಿ ತೀರಿಕೊಂಡರು. ಕೂಸನ್ನು ಮೊದಲು ಕೈಯಲ್ಲಿ ಎತ್ತಿಕೊಳ್ಳುವವರೇ ಅದಕ್ಕೆ ಮೊದಲನೆಯ ನೆರೆಯವರು. ಈಗ ಆ ಕೈಗಳು ಹೆಚ್ಚಾಗಿ ಆಸ್ಪತ್ರೆಯ ದಾದಿಯವು. ಮನೆಬಾಗಿಲಿಗೆ ಬಂದು ವಿಚಾರಿಸುವವಳು ಆಶಾ ಕಾರ್ಯಕರ್ತೆ. ಮನೆಯವರು ಮುಚ್ಚಿಟ್ಟದ್ದು ಇವರ ಕಣ್ಣಿಗೆ ಬೀಳುತ್ತದೆ. ಆಗ ಅತ್ತೆಯು ಕೈಹಿಡಿದು, "ಯಾರಿಗೂ ಹೇಳಬೇಡ ಕಣಮ್ಮಾ, ಮಾನ ಹೋಗುತ್ತದೆ" ಎಂದು ಅಂಗಲಾಚಿದರೆ ಏನು ಮಾಡಬೇಕು?

ಮನೆಯ ಮಾನವನ್ನು ಕಾಯುವದು ಒಳ್ಳೆಯದೇ. ಆದರೆ ಕೂಸಿನ ಪ್ರಾಣವನ್ನು ಒತ್ತೆಯಿಟ್ಟು ಉಳಿಸಿಕೊಂಡ ಮಾನವು ಮಾನವೇ? ನಲ್ಲಿಯ ಬಳಿಯಲ್ಲಿ ಹೇಳಿದರೆ ಅದು ಚಾಡಿ. ವೈದ್ಯರ ಕಿವಿಗೆ ಹೇಳಿದರೆ ಅದು ಸಾಕ್ಷಿ. ಚಾಡಿಯು ತಾಯಿಯನ್ನು ಕೆಡವುತ್ತದೆ. ಸಾಕ್ಷಿಯು ಕೂಸನ್ನು ಎತ್ತುತ್ತದೆ.

ಅಮೇರಿಕಾದಲ್ಲಿ ಮಾದಕ ವಸ್ತುಗಳಿಗೆ ಒಳಗಾಗಿ ಹುಟ್ಟಿದ ಕೂಸಿನ ಸಂಗತಿಯನ್ನು ಆರೋಗ್ಯ ಸೇವಕರು ಮಕ್ಕಳ ರಕ್ಷಣೆಯ ಅಧಿಕಾರಿಗಳಿಗೆ ತಿಳಿಸಬೇಕೆಂಬ ಕಟ್ಟಳೆಯು 2003ರಲ್ಲಿ ಬಂದಿತು. 2010ರಲ್ಲಿ ಮದ್ಯದಿಂದಾದ ಕೇಡೂ ಅದರಲ್ಲಿ ಸೇರಿತು. ಹಾಗೆ ತಿಳಿಸಿದ ಮಾತ್ರಕ್ಕೆ ತಾಯಿಯನ್ನು ಅಪರಾಧಿಯೆಂದು ಎಣಿಸಬೇಕೆಂದು ಆ ಕಟ್ಟಳೆಯು ಹೇಳುವದಿಲ್ಲ. 2016ರಲ್ಲಿ ಕೂಸಿನ ಸಂಗಡ ಮನೆಯವರ ಚಿಕಿತ್ಸೆಗೂ ಏರ್ಪಾಡಾಗಬೇಕೆಂದು ಗೊತ್ತುಮಾಡಿದರು. ನಮ್ಮ ದೇಶದಲ್ಲಿ ಇದಕ್ಕೇ ಮೀಸಲಾದ ಅಂಥ ಕಟ್ಟಳೆಯಿಲ್ಲ. ಆದರೂ 2015ರ ಬಾಲನ್ಯಾಯ ಕಾಯಿದೆಯ ಮೇರೆಗೆ ಜಿಲ್ಲೆಜಿಲ್ಲೆಗೂ ಮಕ್ಕಳ ಕಲ್ಯಾಣ ಸಮಿತಿಯುಂಟು. ಅಪಾಯದಲ್ಲಿರುವ ಮಗುವಿಗಾಗಿ 1098 ಎಂಬ ದೂರವಾಣಿಯುಂಟು. ಕಟ್ಟಳೆಯು ಸುಮ್ಮನಿರುವ ಕಡೆಯಲ್ಲಿ ಮನಸ್ಸಾಕ್ಷಿಯು ಮಾತಾಡಬಾರದೋ?

ಸಭೆಯವರಿಗೂ ಒಂದು ಮಾತು. ನಿಜ ಹೇಳಿದ ತಾಯಿಗೆ ನಾವು ಬೆರಳು ತೋರಿಸಿದರೆ, ಆಕೆ ಮುಂದಿನ ಹೆರಿಗೆಗೆ ಆಸ್ಪತ್ರೆಯ ಮೆಟ್ಟಲನ್ನೂ ಹತ್ತಳು. ಆ ಪಾಪವು ನಮ್ಮದು. ಚಟವುಳ್ಳ ಗರ್ಭಿಣಿಯನ್ನು ಗದರಿಸಬೇಡಿರಿ, ವೈದ್ಯರ ಬಳಿಗೆ ಜೊತೆಯಲ್ಲಿ ನಡೆಯಿರಿ. ಗಂಡಸರೇ, ಸೀಸೆಯನ್ನು ಮನೆಯೊಳಗೆ ತಂದ ಕೈ ಯಾರದು? ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ದಾದಿಯರೇ, ಆಶಾ ಸಹೋದರಿಯರೇ, ಹೆದರಬೇಡಿರಿ. ಕರುಣೆಯಿಂದ ನೋಡಿರಿ, ಗುಟ್ಟಾಗಿ ನಡಿಸಿರಿ, ನಿಜವಾಗಿ ತಿಳಿಸಿರಿ.

ಕೂಸುಗಳನ್ನು ಅಪ್ಪಿಕೊಂಡು ಆಶೀರ್ವದಿಸಿದ ಕರ್ತನು ನಮ್ಮ ಬಾಯಿಗಳನ್ನು ತೆರೆಯಲಿ. ಆಮೆನ್.